ಓ ಎಂದವರು

“ಅಮ್ಮಾ, ಯಶು ಓ ಅಂತಿದೆ!”

ಕಂಪ್ಯೂಟರಿನ ಮುಂದೆ ಕೂತಿದ್ದ ರಮ್ಯಳ ಕೂಗಿಗೆ, ಮಗನ ಪಟದ ಮುಂದೆ ದೀಪ ಹಚ್ಚುತ್ತಿದ್ದ ಕೃಷ್ಣಮ್ಮನ ಕೈ ನಿಂತಿತು. ನೆಟ್‌ವರ್ಕಿಂಗ್ ಪರೀಕ್ಷೆಯ ಅಭ್ಯಾಸಕ್ಕೆಂದು ಯಶವಂತ್ ಎರಡು ಹಳೆಯ ರೂಟರ್ ತಂದು, ಒಂದಕ್ಕೆ ತನ್ನ ಹೆಸರನ್ನೂ ಇನ್ನೊಂದಕ್ಕೆ ತಂಗಿ ರಮ್ಯಳ ಹೆಸರನ್ನೂ ಇಟ್ಟಿದ್ದ. ಒಂದು ಕರೆದರೆ ಇನ್ನೊಂದು ಓ ಎನ್ನಬೇಕು, ಅದೇ ಪಾಠ. ಹೆಸರಘಟ್ಟ ರಸ್ತೆಯ ಅಪಘಾತದಲ್ಲಿ ಅವನು ಹೋದ ಮೇಲೆ ಅವನ ರೂಟರಿಗೆ ಕುಂಕುಮವಿಟ್ಟು ಪಟದ ಪಕ್ಕ ಇಟ್ಟಿದ್ದವಳು ಕೃಷ್ಣಮ್ಮನೇ.

“ಅದಕ್ಕೆ ವೈರೇ ಇಲ್ವಲ್ಲೇ?”

“ಅದೇ ಕಣಮ್ಮ! ಅಭ್ಯಾಸಬಲದಲ್ಲಿ ಅವನ ಹೆಸರು ಒತ್ಬಿಟ್ಟೆ.”

ಕೃಷ್ಣಮ್ಮ ಕಣ್ಣೆತ್ತಿದಳು. ವೈರಿಲ್ಲದ ಆ ಪೆಟ್ಟಿಗೆಯಲ್ಲಿ, ಕುಂಕುಮದ ಪಕ್ಕ, ಹಸಿರು ದೀಪ ಮಿನುಗುತ್ತಿತ್ತು.

“ಈಗ ನಾನೇನೂ ಒತ್ತಿಲ್ಲಮ್ಮ,” ರಮ್ಯ ಪರದೆಯತ್ತ ಬೆರಳು ತೋರಿದಳು. “ಯಶುನೇ ರಮ್ಯನ್ನ ಕರೀತಿದೆ.”

ಹೋದವರು ಕರೆದರೆ ಓ ಎನ್ನಬಾರದು, ಓ ಎಂದವರನ್ನು ಅವರು ಜೊತೆಗೆ ಕರೆದುಕೊಂಡೇ ಹೋಗುತ್ತಾರೆ ಎಂದು ಅತ್ತೆ ಹೇಳುತ್ತಿದ್ದರು. ಯಂತ್ರಕ್ಕೇನು ಗೊತ್ತು? ಕರೆದರೆ ಓ ಎಂದುಬಿಡುತ್ತದೆ. ಕೃಷ್ಣಮ್ಮ ಓಡಿಬಂದು ರಮ್ಯಳ ಹೆಸರಿನ ರೂಟರಿನ ವೈರನ್ನು ಕಿತ್ತೆಸೆದಳು. ಮಗಳ ಬಾಯಿಗೆ ಕೈ ಅಡ್ಡ ಹಿಡಿದಳು. ಆಮೇಲೆ ಪಟದ ಕಡೆ ತಿರುಗಿ, “ಓ... ನಾನು ಬಂದೆ ಕಣಪ್ಪ,” ಎಂದಳು.

ಹಸಿರು ದೀಪ ಆರಿತು.