ದೊಡ್ಡ ರಿಪೇರಿ

ಗ್ಯಾರೇಜಿಗೆ ಬಂದ ಅಜ್ಜನ ಕಾರಿನ ಎಂಜಿನ್ ಗದಗದ ನಡುಗುತ್ತಿತ್ತು. ಬಾನೆಟ್ ಎತ್ತಿದ ಮೆಕ್ಯಾನಿಕ್ ತೊಕ್ತೊಸುನ್‌ಗೆ ಕಾರಣ ಹುಡುಕಬೇಕಾಗಲಿಲ್ಲ. ಎರಡನೆಯ, ಮೂರನೆಯ ಪ್ಲಗ್ ವೈರುಗಳು ಅದಲುಬದಲಾಗಿದ್ದವು. ಈ ತಿಂಗಳಲ್ಲಿ ಇದು ನಾಲ್ಕನೆಯ ಸಲ.

"ಅಜ್ಜ, ಇದನ್ನ ಯಾರು ಮುಟ್ತಾರೆ?"

"ನಮ್ಮನೇಲಿ ಮುಟ್ಟೋಕೆ ಇನ್ಯಾರಿದಾರಪ್ಪ? ನಾರಿನ್ ರಸ್ತೆ ನೋಡಿದೀಯಲ್ಲ, ಕುಲುಕಿ ಕುಲುಕಿ ತಾನಾಗೇ ಜಾಗ ಬದಲಾಯ್ಸುತ್ತೆ," ಎಂದ ಕೆಲ್ದಿಬೆಕ್ ಅಜ್ಜ, ಗ್ರೀಸ್ ಮೆತ್ತಿದ ಬೆರಳುಗಳನ್ನು ಮೆಲ್ಲಗೆ ಕೋಟಿನ ಜೇಬಿಗೆ ಇಳಿಸುತ್ತ.

ತೊಕ್ತೊಸುನ್ ನಗಲಿಲ್ಲ. ವೈರು ಸರಿಪಡಿಸಲು ಎರಡು ನಿಮಿಷ ಸಾಕಿತ್ತು. ಅವನು ಬಾನೆಟ್ ಹಾಗೇ ತೆರೆದಿಟ್ಟು ಚಹಾದ ಕೆಟಲ್ ಎತ್ತಿಕೊಂಡ. ಅಜ್ಜನ ಕಣ್ಣು ಬಟ್ಟಲಿನ ಮೇಲೇ ಇತ್ತು. ಅವರ ಕಡೆ ಅತಿಥಿಗೆ ಚಹಾ ಅಂಚಿನವರೆಗೆ ತುಂಬಿಸಿ ಕೊಟ್ಟರೆ ಇನ್ನು ಹೊರಡಿ ಎಂದೇ ಅರ್ಥ.

ತೊಕ್ತೊಸುನ್ ಅರ್ಧಕ್ಕೆ ನಿಲ್ಲಿಸಿದ. "ಕೂತ್ಕೊಳ್ಳಿ ಅಜ್ಜ. ದೊಡ್ಡ ರಿಪೇರಿ, ಸಂಜೆ ಆಗುತ್ತೆ."