ಟೆಸ್ಟ್ ರೂಮಿನಲ್ಲಿ ಇಬ್ಬರು

ಭಾವ ಫೋನ್ ಕೆಳಗಿಟ್ಟ. ಆಸ್ಪತ್ರೆಯ ಮ್ಯಾನೇಜರು ನಯವಾಗಿಯೇ ಕೇಳಿದ್ದರು: ಎದುರು ಕಂಪನಿಯವರು ಮೊದಲ ವರ್ಷ ಪುಕ್ಕಟೆ ಕೊಡುತ್ತಾರಂತೆ, ನಿಮ್ಮದೇನು?

ಮೊದಲ ವರ್ಷ ನಾವು ಪುಕ್ಕಟೆ ಕೊಡೋಣ ಎಂಬುದು ಭಾವನೇ ಹುಟ್ಟಿಸಿದ ಸುಳ್ಳು. ಬೇಕೆಂದೇ ಹಾಕಿದ ಗಾಳ. ಇಲ್ಲಿ ಆಡಿದ್ದೆಲ್ಲ ಮರುದಿನವೇ ಎದುರು ಕಂಪನಿಯ ಬಾಯಲ್ಲಿ ಬರುತ್ತಿತ್ತು. ಅದಕ್ಕೇ ನಿನ್ನೆ ಸಂಜೆ, ಇದೇ ಕೋಣೆಯಲ್ಲಿ, ಬಾಗಿಲು ಹಾಕಿಕೊಂಡು ಒಬ್ಬನಿಗೆ ಮಾತ್ರ ಹೇಳಿದ್ದ. ಹೆಂಡತಿಗೂ ಬಾಯಿ ಬಿಟ್ಟಿರಲಿಲ್ಲ. ಆ ಒಬ್ಬ ಈಗ ಎದುರಿನ ಮೇಜಿನಲ್ಲಿ ಪೆನ್ನಿನ ಮುಚ್ಚಳ ಕಚ್ಚುತ್ತ ಕೂತಿದ್ದ.

ಅವನು ಹೆಂಡತಿಯ ತಮ್ಮ. ಮನೆಯವರ ಬಾಯಲ್ಲಿ ಗಡಿಬಿಡಿ. ಎದ್ದರೆ ಕುರ್ಚಿ ಬೀಳಿಸುತ್ತಿದ್ದ, ಮಾತಾಡಿದರೆ ಅರ್ಧ ನುಂಗುತ್ತಿದ್ದ. ಕೋಡ್ ಬರೆಯಲು ಕೂತರೆ ಮಾತ್ರ ಬೆಣ್ಣೆಯಲ್ಲಿ ಕೂದಲು ತೆಗೆದ ಹಾಗೆ. ಸೈಕಲ್ ರಿಪೇರಿ ಅಂಗಡಿಯ ಮೇಲಿನ ಈ ಕೋಣೆಯಲ್ಲಿ, ವೈದ್ಯರೂ ರೋಗಿಯೂ ಇದ್ದಲ್ಲಿಂದಲೇ ಪರದೆಯಲ್ಲಿ ಮುಖ ನೋಡಿ ಮಾತಾಡುವ ಸೇವೆಯೊಂದನ್ನು ಇಬ್ಬರೂ ಸೇರಿ ಕಟ್ಟಿದ್ದರು. ಬ್ರೌಸರಿನಲ್ಲಿ ಓಡುವ ಜಾವಾಸ್ಕ್ರಿಪ್ಟ್ ಎಂಬ ಕೋಡ್ ಭಾಷೆಯನ್ನೇ ಸರ್ವರಿನಲ್ಲೂ ಕೂರಿಸಿದ್ದರು. ಆ ಸರ್ವರಿನದು ಪರಿಚಯ ಮಾಡಿಸುವ ದೊಡ್ಡಮ್ಮನ ಕೆಲಸ. ಒಂದೊಂದು ಕರೆಗೂ ಒಂದೊಂದು 'ರೂಮು'; ಒಂದೇ ರೂಮಿನ ಹೆಸರು ಹೇಳಿಕೊಂಡು ಯಾರೇ ಬರಲಿ, ಒಬ್ಬರ ವಿಳಾಸ ಇನ್ನೊಬ್ಬರಿಗೆ ಕೊಟ್ಟು ಪಕ್ಕಕ್ಕೆ ಸರಿಯುವುದು. ಆಮೇಲೆ ಮಾತು ನೇರ ಅವರವರ ನಡುವೆ. ನಮ್ಮ ದೊಡ್ಡಮ್ಮ ಕದ್ದು ಕೇಳೋಳಲ್ಲ ಎಂದು ಗಡಿಬಿಡಿ ಆಸ್ಪತ್ರೆಯವರನ್ನು ನಗಿಸಿದ್ದ.

ದೊಡ್ಡಮ್ಮ ಎಚ್ಚರವಾಗಿದ್ದಾಳೋ ಇಲ್ಲವೋ ತಿಳಿಯಲು ಭಾವ ಕಪಾಟಿನ ಮೇಲೆ ಹಳೆಯ ಲ್ಯಾಪ್‌ಟಾಪೊಂದನ್ನು ತೆರೆದಿಟ್ಟಿದ್ದ. ಅದರಲ್ಲಿ ಎರಡು ಟ್ಯಾಬ್, 'ಟೆಸ್ಟ್' ಎಂಬ ರೂಮಿನಲ್ಲಿ ಎದುರುಬದುರು. ಒಂದೇ ಯಂತ್ರದಲ್ಲಿ ಎರಡೂ ಮಾತಾಡಿದರೆ ಕಿವಿ ಸೀಳುವ ಸಿಳ್ಳೆ ಏಳುತ್ತದೆ. ಹಾಗಾಗಿ ಮೊದಲ ದಿನವೇ, ಮೈಕನ್ನು ಹಾಗೇ ಬಿಟ್ಟು, ಸ್ಪೀಕರಿನ ಬಾಯಿ ಕಟ್ಟಿದ್ದ. ನಡುವೆ ಒಮ್ಮೆ ಕರೆಂಟು ಹೋಗಿ ಬಂದಾಗ ತಾನೇ ಅವಸರದಲ್ಲಿ ಅದನ್ನು ಮತ್ತೆ ಶುರು ಮಾಡಿದ್ದ. ರೂಮಿನಲ್ಲಿ ಎಷ್ಟು ಜನ ಎಂದು ಲೆಕ್ಕ ತೋರಿಸುವ ತನ್ನ ಮೇಜಿನ ಪರದೆಯಲ್ಲಿ ಎಂದಿನಂತೆ 'ಟೆಸ್ಟ್: ಇಬ್ಬರು' ಎಂದು ಬಂತು. ಅಷ್ಟು ಕಂಡರೆ ಅವನಿಗೆ ನಿಶ್ಚಿಂತೆ.

ಸೇವೆಯ ವಿಳಾಸವನ್ನು ಕಂಡಕಂಡವರಿಗೆಲ್ಲ ಹಂಚಿದ ಮೇಲೆ, ರೂಮುಗಳಿಗೆ ಪಾಸ್‌ವರ್ಡ್ ಹಾಕೋಣ ಎಂದು ಗಡಿಬಿಡಿ ರಗಳೆ ತೆಗೆದಿದ್ದ. ಮೊದಲು ಆಸ್ಪತ್ರೆ ಒಪ್ಪಲಿ, ಬೀಗ ಆಮೇಲೆ ಎಂದು ಭಾವ ತಳ್ಳಿಹಾಕಿದ್ದ. ಕಳ್ಳನೇ ಬೀಗದ ಮಾತೆತ್ತಿದ್ದ ಎಂದು ಈಗ ಅನ್ನಿಸಿತು.

"ಮೊದಲ ವರ್ಷ ಫ್ರೀ ಅನ್ನೋದು ಯಾರಿಗೆ ಹೇಳ್ದೆ?"

"ಯಾರಿಗೂ ಇಲ್ಲ ಭಾವ."

"ನಿನ್ನೊಬ್ಬನಿಗೇ ನಾನು ಹೇಳಿದ್ದು."

ಗಡಿಬಿಡಿ ಮುಚ್ಚಳ ಕಚ್ಚುವುದನ್ನು ನಿಲ್ಲಿಸಿದ. "ನನ್ನನ್ನ ಪರೀಕ್ಷೆ ಮಾಡೋಕೇ ಹೇಳಿದ್ರಾ?"

ಭಾವ ತಡೆಹಿಡಿದಿದ್ದನ್ನೆಲ್ಲ ಕಕ್ಕಿದ. ಅನ್ನ ಹಂಚಿಕೊಂಡು ಉಂಡಿದ್ದು, ಕೆಲಸ ಕಳೆದುಕೊಂಡು ಬಂದಾಗ ಮನೆಯಲ್ಲಿಟ್ಟುಕೊಂಡಿದ್ದು, ಒಡಹುಟ್ಟಿದವನಂತೆ ನಂಬಿದ್ದು. ಎಷ್ಟಕ್ಕೆ ಮಾರಿಕೊಂಡೆ ಎಂದೂ ಕೇಳಿದ. ಗಡಿಬಿಡಿ ಜೇಬಿಗೆ ಕೈ ಹಾಕಿದ. ಕೋಣೆಯ ಕೀಲಿಯನ್ನು ಮೇಜಿನ ಮೇಲಿಟ್ಟು ಎದ್ದ. ಕುರ್ಚಿ ಬೀಳಲಿಲ್ಲ.

"ಅಕ್ಕನಿಗೆ ನೀವೇ ಹೇಳಿ ಭಾವ. ನನ್ನ ಕೈಲಾಗಲ್ಲ."

ಮೆಟ್ಟಿಲಿಳಿಯುವ ಸದ್ದು ಅಂಗಡಿಯ ಸುತ್ತಿಗೆಯ ಸದ್ದಿನಲ್ಲಿ ಕರಗಿತು. ಭಾವ ಇದ್ದಲ್ಲೇ ನಿಂತಿದ್ದ. ಎಲ್ಲ ಮುಚ್ಚಿಬಿಡಬೇಕು ಅನ್ನಿಸಿತು. ಸರ್ವರು, ಸೇವೆ, ಈ ಕೋಣೆ. ಕಪಾಟಿನ ಲ್ಯಾಪ್‌ಟಾಪಿಗೆ ಕೈ ಹಾಕಿದವನಿಗೆ ಇನ್ನೊಂದು ಹುಚ್ಚು ಬಂತು. ಈ ಮೌನಕ್ಕಿಂತ ಆ ಸಿಳ್ಳೆಯೇ ವಾಸಿ, ಅರಚಿಕೊಳ್ಳಲಿ ಎಂದು ಸ್ಪೀಕರಿನ ಸದ್ದನ್ನು ಪೂರ್ತಿ ಏರಿಸಿದ.

ಸಿಳ್ಳೆ ಬರಲಿಲ್ಲ. ಕಣ್ಣು ಕಿರಿದು ಮಾಡಿ ನೋಡಿದ. ಅದರಲ್ಲಿ ತೆರೆದಿದ್ದದ್ದು ಒಂದೇ ಟ್ಯಾಬ್, ಕರೆಂಟು ಬಂದ ದಿನ ಅವಸರದಲ್ಲಿ ತಾನೇ ತೆರೆದದ್ದು. ಮೇಜಿನ ಪರದೆ ಮಾತ್ರ ಈಗಲೂ 'ಇಬ್ಬರು' ಎನ್ನುತ್ತಿತ್ತು.

ಸ್ಪೀಕರಿನಲ್ಲಿ ಎಲ್ಲಿಯದೋ ಫ್ಯಾನು ಕಟಕಟ ಎಂದಿತು. ಯಾರೋ ಕುರ್ಚಿ ಎಳೆದರು. ಆಮೇಲೆ ಭಾವ ಎಂದೂ ಕೇಳಿರದ ದನಿಯೊಂದು ನಗುತ್ತ ಪಕ್ಕದವನಿಗೆ ಹೇಳಿತು:

"ಭಾವಮೈದುನನ್ನೇ ಓಡಿಸಿಬಿಟ್ಟ ಕಣೋ."