ಒಂದು ಗೇಣು ಪೆಟ್ರೋಲು

ತಮ್ಮ ದೋಣಿಯಿಂದ ಬಿಚ್ಚಿ ತೆಗೆದು ಸೋಪಿನ ನೊರೆ ಬಳಿದ ಪೆಟ್ರೋಲ್ ಟ್ಯಾಂಕಿನ ಸುತ್ತ ಜಯರಾಮಯ್ಯ ಮೇಷ್ಟ್ರು ಮೂರನೇ ಸಲ ಸುತ್ತಿದರು. ತಗಡಿನ ಕೆಲಸದ ಅಕ್ರಂ ಸೈಕಲ್ ಪಂಪು ಹಿಡಿದು ಅದರೊಳಗೆ ಗಾಳಿ ತುಂಬುತ್ತಲೇ ಇದ್ದ. ತೂತಿದ್ದರೆ ನೊರೆಯಲ್ಲಿ ಗುಳ್ಳೆ ಏಳಬೇಕು. ಒಂದೂ ಏಳಲಿಲ್ಲ.

"ತೂತಿಲ್ಲ ಮೇಷ್ಟ್ರೇ."

"ಇದೆ. ಸರಿಯಾಗಿ ನೋಡು."

"ಗಾಳಿನೇ ಹೋಗ್ತಿಲ್ಲ, ಪೆಟ್ರೋಲ್ ಹೆಂಗೆ ಹೋಗ್ತದೆ?"

ಮೇಷ್ಟ್ರಿಗೆ ತಲೆ ಕೆಟ್ಟುಹೋಯಿತು. ತೂತು ಇರಲೇಬೇಕಿತ್ತು. ಇಲ್ಲದಿದ್ದರೆ ಪೆಟ್ರೋಲು ಕದಿಯುತ್ತಿರುವವನು ದಾಸಯ್ಯ ಎಂದಾಗುತ್ತದೆ. ಎರಡು ವರ್ಷದಿಂದ ದೋಣಿ ಕಾಯುತ್ತಿರುವವನು, ಭಾನುವಾರ ಪಕ್ಕದಲ್ಲೇ ಕೂತು ಗಾಳ ಹಾಕುವವನು, ಬುತ್ತಿಯ ರಾಗಿ ರೊಟ್ಟಿಯಲ್ಲಿ ಅರ್ಧ ಮುರಿದು ಕೊಡುವವನು. ಅವನನ್ನು ಕಳ್ಳ ಎನ್ನಲು ಮೇಷ್ಟ್ರಿಗೆ ಬಾಯಿ ಬರುತ್ತಿರಲಿಲ್ಲ. ತಪ್ಪೆಲ್ಲ ಈ ಹಾಳು ಟ್ಯಾಂಕಿನದೇ ಆಗಿಬಿಡಲಿ ಎಂದು ಅವರ ಆಸೆ.

ಮೇಷ್ಟ್ರು ಶಿರಾದ ಹೈಸ್ಕೂಲಿನಲ್ಲಿ ಮೂವತ್ತೊಂದು ವರ್ಷ ವಿಜ್ಞಾನ ಹೇಳಿಕೊಟ್ಟವರು. ಎಲ್ಲದಕ್ಕೂ ಅಳತೆ ಬೇಕು. ಭಾನುವಾರ ಸಂಜೆ ಮೀನು ಹಿಡಿದು ಬಂದು, ದೋಣಿ ಇನ್ನೂ ದಡದ ನೀರಿನಲ್ಲಿರುವಾಗಲೇ ಕ್ಯಾನಿನಿಂದ ಪೆಟ್ರೋಲು ಸುರಿದು ಬಿದಿರು ಕೋಲು ಅದ್ದುತ್ತಿದ್ದರು. ಕೋಲು ಒಂದು ಗೇಣು ಒದ್ದೆಯಾದರೆ ಸರಿ. ಈ ವರ್ಷ ಕೆರೆ ತುಂಬಿ ನೀರು ಏರಿಗೇ ತಾಗಿತ್ತು. ದೋಣಿ ನಿಲ್ಲಿಸಲು ಬಯಲೇ ಇರಲಿಲ್ಲ. ಏರಿಯ ಇಳಿಜಾರು ಕಲ್ಲಿನ ಮೇಲಕ್ಕೆ ಹಗ್ಗ ಹಾಕಿ ಎಳೆದು, ಅದರ ಮೂತಿಯನ್ನು ಹೊಂಗೆ ಮರಕ್ಕೆ ಕಟ್ಟಿಬಿಡುತ್ತಿದ್ದರು. ಮುಂದಿನ ಭಾನುವಾರ ಬೆಳಿಗ್ಗೆ ಕೋಲು ಅದ್ದಿದರೆ ನಾಲ್ಕೇ ಬೆರಳು.

ಎಂಜಿನ್ ಕಡಿಮೆ ಕುಡಿಯುತ್ತಿತ್ತು, ಪುಣ್ಯ. ನಾಲ್ಕು ಬೆರಳಿನಲ್ಲೇ ಕೆರೆಯ ತುಂಬ ಸುತ್ತಾಡಿ ಬರಬಹುದಿತ್ತು.

ಮೊದಲ ಸಲ ಕೇಳಿದಾಗಲೇ ದಾಸಯ್ಯ ಅಂದಿದ್ದ: "ದೋಣಿ ನೀರಿಗಿಳ್ಸಿ ಆಮೇಲೆ ಕೋಲು ಹಾಕಿ ನೋಡಿ ಸಾಮಿ."

ಯಾಕೆ, ಅಷ್ಟರಲ್ಲಿ ಎಲ್ಲಿಂದಲೋ ತಂದು ಸುರಿದುಬಿಡುತ್ತಾನಾ? ಆ ಅನುಮಾನ ಮನಸ್ಸಿಗೆ ಬಂದದ್ದೇ ಮೇಷ್ಟ್ರಿಗೆ ನಾಚಿಕೆಯಾಗಿತ್ತು. ಆದರೆ ಬಂದದ್ದು ಹೋಗಲಿಲ್ಲ.

ಈಗ ಏರಿಯ ಮೇಲೆ ಹತ್ತಾರು ಜನ ನಿಂತಿದ್ದರು. ಹಿಂಭಾಗದ ಹಲಗೆ ಕಿತ್ತು ಟ್ಯಾಂಕು ಹೊರಗೆ ತೆಗೆಯುವುದಕ್ಕೇ ಅರ್ಧ ದಿನ ಹೋಗಿತ್ತು. ಹಿಡಿದ ಸ್ಕ್ರೂಗಳೆಲ್ಲ ಮುರಿದಿದ್ದವು. ಮೇಷ್ಟ್ರ ಹೆಬ್ಬೆರಳು ಕುಯ್ದುಕೊಂಡಿತ್ತು. ಇಷ್ಟು ಮಾಡಿ ತೂತಿಲ್ಲವಂತೆ.

"ತೂತಿಲ್ದಿದ್ರೂ ಹೊಸದು ಮಾಡು," ಎಂದರು. "ಹದಿನಾಲ್ಕು ವರ್ಷದ ತಗಡು, ಒಳಗೆಲ್ಲ ತುಕ್ಕು. ಮುಚ್ಚಳಕ್ಕೆ ಮಾತ್ರ ಬೀಗ ಇರ್ಬೇಕು."

ಬೀಗ ಎಂದ ಕೂಡಲೇ ದಾಸಯ್ಯ ತಲೆ ಎತ್ತಿದ. ಕೈಯಲ್ಲಿದ್ದ ಹಗ್ಗವನ್ನು ಸುರುಳಿ ಸುತ್ತಿ ಮೇಷ್ಟ್ರ ಕಾಲ ಬಳಿ ಇಟ್ಟ.

"ಯಾರಿಗೆ ಬೀಗ ಸಾಮಿ?"

ಮೇಷ್ಟ್ರು ಕುಯ್ದ ಹೆಬ್ಬೆರಳಿಗೆ ಕರವಸ್ತ್ರ ಸುತ್ತತೊಡಗಿದರು.

"ನಾನು ಕಳ್ಳ ಅಲ್ಲ ಅಂತ ಇವರ ಮುಂದೆ ಒಂದು ಮಾತು ಹೇಳ್ಬುಡಿ. ಅಷ್ಟೇ ಸಾಕು."

ಹೇಳಬಹುದಿತ್ತು. ಆದರೆ ಕೋಲಿನ ಮೇಲಿನ ನಾಲ್ಕು ಬೆರಳು ಕಣ್ಣ ಮುಂದೆ ಬಂದು ನಿಂತಿತು. "ಅಳತೆ ಸುಳ್ಳು ಹೇಳಲ್ಲ ದಾಸಯ್ಯ," ಎಂದುಬಿಟ್ಟರು.

ದಾಸಯ್ಯ ಹೆಗಲ ಮೇಲಿನ ಟವೆಲ್ಲು ಕೊಡವಿ, ಏರಿ ಹತ್ತಿ ಹೋದ. ಮಾರನೆಯ ದಿನ ಬಡವನಹಳ್ಳಿಯ ಮಗಳ ಮನೆಗೆ ಹೊರಟನೆಂದು ಸುದ್ದಿ ಬಂತು. ಊರಲ್ಲಿ ಮುಖ ಎತ್ತಿಕೊಂಡು ಓಡಾಡಲು ಆಗುವುದಿಲ್ಲ ಅಂದನಂತೆ. ಮೇಷ್ಟ್ರಿಗೆ ಅವತ್ತು ಊಟ ಸೇರಲಿಲ್ಲ.

ಟ್ರಂಕು, ಡ್ರಮ್ಮು ಮಾಡುವ ಕೈ ಅಕ್ರಂನದು. ನಾಲ್ಕು ದಿನದಲ್ಲಿ ಟ್ಯಾಂಕು ತಂದ. ಮಾಡುವ ಮುಂಚೆ ಫೋನಿನಲ್ಲಿ ಕೇಳಿದ್ದ: "ಟ್ಯಾಂಕಿನ ಬಾಯಿ ನಡುವೆ ಇಡ್ಲಾ ಮೇಷ್ಟ್ರೇ?"

"ಬೇಡ. ಹಳೇದರ ಹಾಗೇ ಮುಂದಿನ ಮೂಲೆಗಿಡು. ಮೂರಡಿ ಉದ್ದ, ಒಂದಿಂಚೂ ಹೆಚ್ಚುಕಮ್ಮಿ ಆಗಬಾರ್ದು."

ಹಲಗೆ ಕೂರಲಿಲ್ಲ, ಪೈಪು ಹತ್ತಲಿಲ್ಲ, ಹೊಸ ಸ್ಕ್ರೂ ಹಳೆಯ ತೂತಿನಲ್ಲಿ ನಿಲ್ಲಲಿಲ್ಲ. ಮೇಷ್ಟ್ರು ಎಲ್ಲರಿಗೂ ಬೈದರು, ಕೊನೆಗೆ ಕೆರೆಗೂ ಬೈದರು. ಭಾನುವಾರ ಸಂಜೆ ಹೊತ್ತಿಗೆ ಟ್ಯಾಂಕು ಕೂತಿತು. ದೋಣಿ ನೀರಿಗಿಳಿಸಿ, ಪೆಟ್ರೋಲು ಸುರಿದು ಅಳೆದರು. ಒಂದು ಗೇಣು. ಬೀಗ ಜಡಿದು ಕೀಲಿಯನ್ನು ಉಡಿದಾರಕ್ಕೆ ಕಟ್ಟಿಕೊಂಡರು. ಅಕ್ರಂ ಕೈಜೋಡಿಸಿದ, ಇಬ್ಬರೂ ದಾಸಯ್ಯ ಎಳೆಯುತ್ತಿದ್ದ ಹಾಗೆಯೇ ಏರಿಗೆ ಎಳೆದು ಕಟ್ಟಿದರು.

ಬೆಳಿಗ್ಗೆ ಹಲ್ಲುಜ್ಜುವ ಮೊದಲೇ ಮೇಷ್ಟ್ರು ಕೆರೆಗೆ ಬಂದರು. ಬೀಗ ಇಟ್ಟ ಹಾಗೇ ಇತ್ತು. ತೆಗೆದು ಕೋಲು ಅದ್ದಿದರು.

ನಾಲ್ಕು ಬೆರಳು.

ಫೋನಿನಲ್ಲಿ ಅಕ್ರಂಗೆ ಮಂಗಳಾರತಿಯಾಯಿತು. "ಇದೇನಯ್ಯಾ ನೀನು ಮಾಡಿರೋದು? ಟ್ಯಾಂಕೋ, ಜರಡಿನೋ?"

ಅಕ್ರಂ ಫ್ಲಾಸ್ಕಿನಲ್ಲಿ ಟೀ ಹಿಡಿದುಕೊಂಡೇ ಬಂದ. ದೋಣಿಯ ಕೆಳಗೆ ಕೈಯಾಡಿಸಿ ಮೂಸಿದ. ಪೆಟ್ರೋಲಿನ ವಾಸನೆಯೇ ಇಲ್ಲ. ಸ್ವಲ್ಪ ದೂರ ಹೋಗಿ ಕುಕ್ಕರಗಾಲಲ್ಲಿ ಕೂತು ದೋಣಿಯನ್ನು ಮೂತಿಯಿಂದ ಬಾಲದವರೆಗೆ ನೋಡಿದ. ಆಮೇಲೆ ಎದ್ದು ಹಗ್ಗ ಬಿಚ್ಚಿ, ಮೇಷ್ಟ್ರು ಬೇಡ ಬೇಡ ಎನ್ನುತ್ತಿರುವಾಗಲೇ ದೋಣಿಯನ್ನು ನೀರಿಗೆ ಜಾರಿಸಿದ.

"ಈಗ ಅಳೀರಿ."

ಕೋಲು ಒಂದು ಗೇಣು ಒದ್ದೆಯಾಯಿತು.

"ಯಾರು ತುಂಬ್ಸಿದ್ರು?" ಮೇಷ್ಟ್ರು ಕೋಲು ಒರೆಸಿ ಮತ್ತೊಮ್ಮೆ ಅದ್ದಿದರು.

ಅಕ್ರಂ ಗಾಜಿನ ಲೋಟಕ್ಕೆ ಟೀ ಬಗ್ಗಿಸಿದ. ಏರಿಯ ಮೇಲೆ ದೋಣಿ ನಿಂತಿದ್ದ ಹಾಗೆಯೇ ಲೋಟವನ್ನು ಓರೆಯಾಗಿ ಹಿಡಿದ. ಟೀ ಕೆಳಬದಿಗೆ ಹರಿದು ತುಂಬಿತು. ಮೇಲಿನ ಬದಿಯಲ್ಲಿ, ಟ್ಯಾಂಕಿಗೆ ಬಾಯಿ ಇರುವ ಕಡೆ, ತಳವೇ ಕಾಣಿಸಿತು.

"ಎಂಟನೇ ಕ್ಲಾಸಲ್ಲಿ ಇದನ್ನ ತೋರ್ಸಿದ್ದು ನೀವೇ ಮೇಷ್ಟ್ರೇ," ಎಂದ.

ಶಾಲೆಯ ಮೆಟ್ಟಿಲನ್ನೇ ಹತ್ತದ ದಾಸಯ್ಯ ಮೊದಲ ದಿನವೇ ಹೇಳಿದ್ದ, ನೀರಿಗಿಳಿಸಿ ನೋಡಿ ಎಂದು.